ಅವಧಿಗೆ ಮೊದಲೇ ಬಾಡಿಗೆದಾರ ಮನೆ ಬಿಟ್ಟರೆ ಅಡ್ವಾನ್ಸ್ ಯಾರದ್ದು?

2025ರ ಕೊನೆಯಲ್ಲಿ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಸುದ್ದಿ ಜೋರಾಗಿ ಓಡಾಡಿತು. ದೇಶಕ್ಕೆಲ್ಲ ಹೊಸ ಬಾಡಿಗೆ ನಿಯಮ ಬಂದಿದೆ, ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವ ಹಾಗಿಲ್ಲ, ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸದಿದ್ದರೆ ದಂಡ ಎಂದೆಲ್ಲ ಅದರಲ್ಲಿತ್ತು. ಮಂಗಳೂರಿನ ಬಿಜೈ, ಕದ್ರಿ, ವೆಲೆನ್ಸಿಯಾ ಕಡೆ ಬಾಡಿಗೆಗೆ ಇರುವವರಿಗೆ ಇದು ಖುಷಿಯ ಸುದ್ದಿ. ಮಣಿಪಾಲದಲ್ಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ದುಬೈಯಲ್ಲೋ ಮುಂಬೈಯಲ್ಲೋ ಇರುವ ಮಾಲೀಕರಿಗೆ ತಲೆನೋವಿನ ಸುದ್ದಿ.

ಆದರೆ ದಿನನಿತ್ಯದ ಜಗಳ ಹುಟ್ಟುವ ಜಾಗ ಬೇರೆಯೇ. ಅಗ್ರಿಮೆಂಟ್ ಇನ್ನೂ ಐದಾರು ತಿಂಗಳು ಇದೆ, ಬಾಡಿಗೆದಾರರು ಹೊರಟು ನಿಂತಿದ್ದಾರೆ. ಈಗ ಅಡ್ವಾನ್ಸ್ ಏನಾಗಬೇಕು? ಈ ಪ್ರಶ್ನೆಗೆ ಊರಲ್ಲಿ ಎರಡು ಸಿದ್ಧ ಉತ್ತರಗಳಿವೆ. ಮಾಲೀಕರ ಕಡೆಯದ್ದು, 'ಮೊದಲೇ ಬಿಟ್ಟರೆ ಅಡ್ವಾನ್ಸ್ ವಾಪಸ್ ಇಲ್ಲ.' ಬಾಡಿಗೆದಾರರ ಕಡೆಯದ್ದು, '15 ದಿನದ ನೋಟಿಸ್ ಕೊಟ್ಟರೆ ಸಾಕು, ಪೂರ್ತಿ ದುಡ್ಡು ಕೊಡಲೇಬೇಕು.' ಎರಡೂ ಅರ್ಧ ತಪ್ಪು. ಹೊಸ ನಿಯಮದ ಸುದ್ದಿ ಬಂದ ಮೇಲೆ ಗೊಂದಲ ಇನ್ನಷ್ಟು ಜಾಸ್ತಿ ಆಗಿದೆ.

ಕೇಂದ್ರ ಕೊಟ್ಟದ್ದು ಮಾದರಿ ಮಾತ್ರ

ಮೊದಲು ಆ ಸುದ್ದಿಯ ವಿಷಯ ಮುಗಿಸೋಣ. ಎರಡು ತಿಂಗಳ ಮಿತಿ ಇರುವುದು ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಕೇಂದ್ರ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟದ್ದು 2021ರ ಜೂನ್ 2ರಂದು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆ, ಅಂಗಡಿ-ಆಫೀಸಿಗೆ ಆರು ತಿಂಗಳ ಬಾಡಿಗೆ, ಇದಕ್ಕಿಂತ ಹೆಚ್ಚು ಡಿಪಾಸಿಟ್ ಬೇಡ ಎಂದು ಅದು ಹೇಳುತ್ತದೆ. ಆದರೆ ಮನೆ ಮಾಲೀಕ ಮತ್ತು ಬಾಡಿಗೆದಾರರ ಸಂಬಂಧ ಸಂವಿಧಾನದ ರಾಜ್ಯ ಪಟ್ಟಿಯಲ್ಲಿರುವ ವಿಷಯ. ಕೇಂದ್ರ ಮಾದರಿ ಕೊಡಬಹುದು, ಕಾನೂನು ಮಾಡಬೇಕಾದದ್ದು ರಾಜ್ಯ. ಉತ್ತರ ಪ್ರದೇಶ 2021ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ತಮಿಳುನಾಡು ಅದಕ್ಕೂ ಮೊದಲೇ, 2017ರಲ್ಲಿ, ಬೇರೆ ಕಾಯ್ದೆ ತಂದಿತ್ತು. ಕರ್ನಾಟಕ ಈ ಮಾದರಿಯನ್ನು ಒಪ್ಪಿಕೊಂಡಿಲ್ಲ. ಹಾಗಾಗಿ ಕಂಕನಾಡಿಯಲ್ಲಿ ಯಾರಾದರೂ ಐದು ತಿಂಗಳ ಅಡ್ವಾನ್ಸ್ ಕೇಳಿದರೆ ಕೊಡುವುದು ಬಿಡುವುದು ನಿಮ್ಮಿಷ್ಟ. ಅದು ಕಾನೂನುಬಾಹಿರ ಎಂದು ಹೇಳಲಾಗದು.

ಕರ್ನಾಟಕಕ್ಕೆ ತನ್ನದೇ ಬಾಡಿಗೆ ಕಾಯ್ದೆ ಇದೆ, 1999ರದ್ದು. ಜಾರಿಗೆ ಬಂದದ್ದು 2001ರ ಕೊನೆಗೆ. ಆದರೆ ಅದರ ರಕ್ಷಣೆ ಸಿಗುವುದು ತಿಂಗಳ ಬಾಡಿಗೆ 3,500 ರೂಪಾಯಿ ದಾಟದ ಕಟ್ಟಡಗಳಿಗೆ. ಕೆಲವು ಪ್ರದೇಶಗಳಲ್ಲಿ ಈ ಮಿತಿ 2,000. ಇವತ್ತು ಆ ಬಾಡಿಗೆಗೆ ಮಂಗಳೂರು ನಗರದಲ್ಲಿ ಸಿಂಗಲ್ ರೂಮ್ ಸಿಕ್ಕಿದರೇ ಅದೃಷ್ಟ. ಅಂದರೆ ಈಗಿನ ಬಹುತೇಕ ಬಾಡಿಗೆ ಮನೆಗಳು ಆ ಕಾಯ್ದೆಯ ಹೊರಗಿವೆ. ಅವಕ್ಕೆ ಉಳಿಯುವುದು ಎರಡು ಹಳೆಯ ಕಾಯ್ದೆಗಳು: 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು 1872ರ ಕರಾರು ಕಾಯ್ದೆ. ಜತೆಗೆ ನೀವೇ ಸಹಿ ಹಾಕಿದ ಅಗ್ರಿಮೆಂಟ್. ಜಗಳದ ಉತ್ತರ ಹುಡುಕಬೇಕಾದದ್ದು ಈ ಮೂರರಲ್ಲಿ.

15 ದಿನದ ನೋಟಿಸ್ ಎಲ್ಲಿ ನಡೆಯುತ್ತದೆ, ಎಲ್ಲಿ ಇಲ್ಲ

15 ದಿನದ ಮಾತು ಸುಳ್ಳಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಲ್ಲಿ ಅದು ಇದೆ. ಆದರೆ ಅದರ ಮೊದಲ ಸಾಲನ್ನು ಯಾರೂ ಓದುವುದಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದಾಗ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುತ್ತದೆ, ಅಂಥ ಬಾಡಿಗೆಯನ್ನು 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು ಎಂಬುದು ಅದರ ಸಾರ. ಇಷ್ಟು ತಿಂಗಳು ಇರುತ್ತೇನೆ ಎಂದು ಬರೆದು ಕೊಟ್ಟಿದ್ದರೆ ಲೆಕ್ಕ ಬೇರೆ. ಅಗ್ರಿಮೆಂಟಿನಲ್ಲಿ 'ಒಂದು ತಿಂಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ಮುಗಿಸಬಹುದು' ಎಂದಿದ್ದರೆ ಆ ಒಂದು ತಿಂಗಳೇ ನಿಯಮ. 11 ತಿಂಗಳ ಅವಧಿ ಮಾತ್ರ ಬರೆದು ನೋಟಿಸಿನ ಮಾತೇ ಇಲ್ಲದಿದ್ದರೆ, ಮಧ್ಯದಲ್ಲಿ ಎದ್ದು ಹೋಗುವ ಹಕ್ಕು ಬಾಡಿಗೆದಾರರಿಗೆ ತನ್ನಿಂತಾನೇ ಸಿಗುವುದಿಲ್ಲ. ಮಾಲೀಕರಿಗೂ ಮಧ್ಯದಲ್ಲಿ ಎಬ್ಬಿಸುವ ಹಕ್ಕು ಸಿಗುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು ಸ್ಥಿತಿ ಕರಾವಳಿಯಲ್ಲಿ ಎಲ್ಲ ಕಡೆ ಕಾಣಸಿಗುತ್ತದೆ. ಮೊದಲ ವರ್ಷ ಅಗ್ರಿಮೆಂಟ್ ಮಾಡುತ್ತಾರೆ. ಆಮೇಲೆ ಯಾರಿಗೂ ಪುರ್ಸೊತ್ತಿಲ್ಲ. ಬಾಡಿಗೆ ಐನೂರೋ ಸಾವಿರವೋ ಏರುತ್ತದೆ, ಗೂಗಲ್ ಪೇಯಲ್ಲಿ ದುಡ್ಡು ಹೋಗುತ್ತದೆ, ಹಾಗೆಯೇ ನಾಲ್ಕು ವರ್ಷ ಕಳೆಯುತ್ತದೆ. ಅವಧಿ ಮುಗಿದ ಮೇಲೂ ಬಾಡಿಗೆ ಪಡೆಯುತ್ತಾ ಹೋದರೆ, 116ನೇ ಕಲಮಿನ ಪ್ರಕಾರ, ಅದು ಸಾಮಾನ್ಯವಾಗಿ ತಿಂಗಳ ಬಾಡಿಗೆಯಾಗಿ ಬದಲಾಗುತ್ತದೆ. ಅಂಥ ಮನೆಯಲ್ಲಿ 'ಅವಧಿಗೆ ಮೊದಲೇ' ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಅವಧಿಯೇ ಇಲ್ಲವಲ್ಲ! ಅಲ್ಲಿ 15 ದಿನದ ನೋಟಿಸ್ ನಡೆಯುತ್ತದೆ. ಹಳೆಯ ಅಗ್ರಿಮೆಂಟಿನ ಲಾಕ್-ಇನ್ (ಇಷ್ಟು ತಿಂಗಳು ಬಿಡುವ ಹಾಗಿಲ್ಲ ಎಂಬ ಷರತ್ತು) ಹಿಡಿದು ಅಡ್ವಾನ್ಸ್ ಕತ್ತರಿಸಲು ಹೊರಡುವ ಮಾಲೀಕರು ಮೊದಲು ಅದರ ಮೇಲಿನ ತಾರೀಕು ನೋಡಬೇಕು.

11 ತಿಂಗಳೇ ಯಾಕೆ ಎಂಬುದಕ್ಕೂ ಇಲ್ಲೇ ಉತ್ತರ ಇದೆ. ಒಂದು ವರ್ಷ ಮೀರಿದ ಬಾಡಿಗೆ ಕರಾರು ರಿಜಿಸ್ಟರ್ ಆಗಲೇಬೇಕು ಎನ್ನುತ್ತದೆ 107ನೇ ಕಲಮು. ಆ ಖರ್ಚು, ಸಬ್ ರಿಜಿಸ್ಟ್ರಾರ್ ಕಚೇರಿಯ ಓಡಾಟ ತಪ್ಪಿಸಲು 11 ತಿಂಗಳು. ಮನೆಗೆ ಇದು ಸರಿ. ಅಂಗಡಿ, ಕ್ಲಿನಿಕ್, ಆಫೀಸುಗಳ ವಿಷಯದಲ್ಲಿ ಎಡವಟ್ಟಾಗುತ್ತದೆ. ಹಂಪನಕಟ್ಟೆಯಲ್ಲೋ ಕಲ್ಸಂಕದಲ್ಲೋ ಮೂರು ವರ್ಷಕ್ಕೆ ಅಂಗಡಿ ಕೊಟ್ಟು, 'ಮೂರು ವರ್ಷ ಬಿಡುವ ಹಾಗಿಲ್ಲ' ಎಂದು ಬರೆಸಿ, ರಿಜಿಸ್ಟರ್ ಮಾತ್ರ ಮಾಡಿಸಿರುವುದಿಲ್ಲ. ಹಾಗೆ ರಿಜಿಸ್ಟರ್ ಆಗದ ಕಾಗದದಿಂದ ಮೂರು ವರ್ಷದ ಅವಧಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಕಷ್ಟ. ಕೋರ್ಟು ಅದನ್ನು ತಿಂಗಳ ಬಾಡಿಗೆ ಎಂದು ನೋಡಬಹುದು. ಆಗ ಲಾಕ್-ಇನ್ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಸ್ಟಾಂಪ್ ಶುಲ್ಕ ಕಡಿಮೆ ಬಿದ್ದಿದ್ದರೆ ಇನ್ನೊಂದು ತೊಡಕು: ಬಾಕಿ ಶುಲ್ಕವನ್ನು ದಂಡ ಸಮೇತ ಕಟ್ಟುವವರೆಗೆ ಆ ಕಾಗದ ಸಾಕ್ಷ್ಯವಾಗಿ ನಿಲ್ಲುವುದಿಲ್ಲ.

ಎರಡು ವಾದಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಅಗ್ರಿಮೆಂಟ್ ಸರಿಯಾಗಿದೆ, ಲಾಕ್-ಇನ್ ಇದೆ ಎಂದಿಟ್ಟುಕೊಳ್ಳಿ. ಬಾಡಿಗೆದಾರರು ಮಧ್ಯದಲ್ಲೇ ಬಿಟ್ಟರು.

ಮಾಲೀಕರ ವಾದ ಹೀಗೆ: ಮನೆಯನ್ನು ನಾನು 11 ತಿಂಗಳಿಗೆ ನಿಮ್ಮ ಸ್ವಾಧೀನಕ್ಕೆ ಕೊಟ್ಟಿದ್ದೇನೆ. ನೀವು ಅಲ್ಲಿ ಮಲಗುತ್ತೀರೋ ಇಲ್ಲವೋ ನನಗೆ ಬೇಡ. ನೀವಾಗಿ ಹೊರಟ ಮಾತ್ರಕ್ಕೆ ಬಾಡಿಗೆ ನಿಲ್ಲುವುದಿಲ್ಲ. ಈ ವಾದಕ್ಕೆ ತಳ ಇದೆ. ಬಾಡಿಗೆ ಕರಾರು ಬರೀ ಮಾತಿನ ಒಪ್ಪಂದ ಅಲ್ಲ, ಸ್ವತ್ತಿನ ಹಕ್ಕೊಂದು ಕೈ ಬದಲಾಯಿಸಿದೆ. ಒಂದು ಕಡೆಯವರು ಎದ್ದು ಹೋದ ಕೂಡಲೇ ಅದು ಮುಗಿಯುವುದಿಲ್ಲ, ಇನ್ನೊಂದು ಕಡೆಯವರು ಒಪ್ಪಿ ವಾಪಸ್ ಪಡೆಯಬೇಕು. ಕೆಲಸ ಹೋಯಿತು, ಟ್ರಾನ್ಸ್‌ಫರ್ ಆಯಿತು ಎಂಬ ಕಾರಣಗಳೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ನಡೆಸಲು ಅಸಾಧ್ಯವಾದ ಕರಾರು ರದ್ದು ಎನ್ನುವ ಕರಾರು ಕಾಯ್ದೆಯ 56ನೇ ಕಲಮು ಬಾಡಿಗೆ ಕರಾರಿಗೆ ಅನ್ವಯ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ.

ಬಾಡಿಗೆದಾರರ ವಾದ: ನಾನು ಮಾತು ತಪ್ಪಿದ್ದು ನಿಜ, ಅದರಿಂದ ನಿಮಗೆ ಆದ ನಷ್ಟ ಎಷ್ಟೋ ಅಷ್ಟು ತೆಗೆದುಕೊಳ್ಳಿ. ಮನೆ ಮರುತಿಂಗಳೇ ಇನ್ನೊಬ್ಬರಿಗೆ ಕೊಟ್ಟು ಅವರಿಂದಲೂ ಬಾಡಿಗೆ, ನನ್ನ ಅಡ್ವಾನ್ಸಿನಿಂದಲೂ ಬಾಡಿಗೆ ಎಂದರೆ ಹೇಗೆ? ಇದಕ್ಕೆ ಬಲ ಕೊಡುವುದು ಕರಾರು ಕಾಯ್ದೆಯ 73 ಮತ್ತು 74ನೇ ಕಲಮುಗಳು. ನಷ್ಟವನ್ನು ಕಡಿಮೆ ಮಾಡಿಕೊಳ್ಳಲು ಏನೇನು ದಾರಿ ಇತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು 73 ಹೇಳುತ್ತದೆ. ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಅದು ಗರಿಷ್ಠ ಮಿತಿ ಮಾತ್ರ, ಕೊಡಿಸಬೇಕಾದದ್ದು ನ್ಯಾಯವಾದ ಪರಿಹಾರ ಎನ್ನುತ್ತದೆ 74.

ಕೋರ್ಟುಗಳು ಯಾವ ಕಡೆ? 1963ರ ಫತೇಚಂದ್ ಪ್ರಕರಣ ಆಸ್ತಿ ಮಾರಾಟದ್ದು. ಕೊಳ್ಳುವವರು ಮಾತು ತಪ್ಪಿದಾಗ ಮಾರುವವರು 25,000 ರೂಪಾಯಿ ಮುಟ್ಟುಗೋಲು ಹಾಕಿಕೊಳ್ಳಲು ನೋಡಿದರು. ಸುಪ್ರೀಂ ಕೋರ್ಟ್ ಒಪ್ಪಿದ್ದು 1,000 ರೂಪಾಯಿ ಮುಂಗಡಕ್ಕೆ ಮಾತ್ರ. ಉಳಿದ 24,000ಕ್ಕೆ ನಷ್ಟದ ಸಾಕ್ಷ್ಯ ಇರಲಿಲ್ಲ. 2015ರ ಕೈಲಾಶ್ ನಾಥ್ ಪ್ರಕರಣ ಇನ್ನೂ ಹತ್ತಿರದ್ದು. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಹರಾಜಿನಲ್ಲಿ ಕೂಗಿದವರ 78 ಲಕ್ಷ ರೂಪಾಯಿ ಮುಂಗಡವನ್ನು ಇಟ್ಟುಕೊಂಡಿತ್ತು. ಆಮೇಲೆ ಅದೇ ಜಾಗವನ್ನು 11.78 ಕೋಟಿಗೆ ಮರು ಹರಾಜು ಮಾಡಿತು, ಮೊದಲಿನ 3.12 ಕೋಟಿಗಿಂತ ಎಷ್ಟೋ ಪಟ್ಟು ಹೆಚ್ಚಿಗೆ. ನಷ್ಟವೇ ಆಗದೆ ಮುಂಗಡ ನುಂಗುವುದು ಸರಿಯಲ್ಲ ಎಂದು ಕೋರ್ಟ್ ಆ ಹಣ ವಾಪಸ್ ಕೊಡಿಸಿತು. ಬಾಡಿಗೆಯ ಲಾಕ್-ಇನ್ ವಿಷಯದಲ್ಲಿ ದೆಹಲಿ ಹೈಕೋರ್ಟ್ 2012ರ ಟವರ್ ವಿಷನ್ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು: ಉಳಿದ ಅವಧಿಯ ಬಾಡಿಗೆ ಪೂರ್ತಿ ತನಗೆ ಬರಬೇಕಾದ ಸಾಲ ಎಂದು ಮಾಲೀಕರು ಸುಮ್ನೆ ಹೇಳಿದರೆ ಸಾಲದು, ನಷ್ಟ ತೋರಿಸಬೇಕು. ದೊಡ್ಡ ವಾಣಿಜ್ಯ ಕರಾರುಗಳಲ್ಲಿ ಲಾಕ್-ಇನ್ ಮೊತ್ತವನ್ನೇ ಎರಡೂ ಕಡೆಯವರು ಮೊದಲೇ ಅಂದಾಜಿಸಿದ ನಿಜವಾದ ನಷ್ಟ ಎಂದು ಪರಿಗಣಿಸಬೇಕೆಂಬ ವಾದವೂ ಜೀವಂತವಾಗಿದೆ. ಆದರೆ 20,000 ರೂಪಾಯಿಯ ಫ್ಲ್ಯಾಟಿನ ಮಟ್ಟಿಗೆ ನಷ್ಟದ ಲೆಕ್ಕವೇ ಗಟ್ಟಿ ನೆಲ ಎಂದು ಈ ಲೇಖಕನ ಅಭಿಪ್ರಾಯ.

ಒಂದು ಫ್ಲ್ಯಾಟಿನ ಲೆಕ್ಕ

ಅಂಕಿಯಲ್ಲಿ ಹಾಕಿ ನೋಡಿದರೆ ಬೇಗ ಅರ್ಥ ಆಗುತ್ತದೆ. ಕೊಟ್ಟಾರದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಎಂದು ಕಲ್ಪಿಸಿಕೊಳ್ಳಿ. ಬಾಡಿಗೆ 18,000, ಅಡ್ವಾನ್ಸ್ ಒಂದು ಲಕ್ಷ. ಅಗ್ರಿಮೆಂಟ್ ಜೂನ್ 1ರಿಂದ ಏಪ್ರಿಲ್ 30ರ ತನಕ. ಬಾಡಿಗೆದಾರರು ಅಕ್ಟೋಬರ್ 10ರಂದು ನೋಟಿಸ್ ಕೊಟ್ಟು 31ಕ್ಕೆ ಕೀ ಒಪ್ಪಿಸಿದರು.

ಅಗ್ರಿಮೆಂಟಿನಲ್ಲಿ ಒಂದು ತಿಂಗಳ ನೋಟಿಸ್ ಇದೆ, ಲಾಕ್-ಇನ್ ಇಲ್ಲ ಎಂದಾದರೆ ಕೆಲಸ ಸುಲಭ. ನೋಟಿಸಿನ ತಿಂಗಳು ಮುಗಿಯುವುದು ನವೆಂಬರ್ 10ಕ್ಕೆ. ಹತ್ತು ದಿನ ಕಡಿಮೆ ಬಿತ್ತು, ಅದಕ್ಕೆ 6,000. ಕೊನೆಯ ಮೆಸ್ಕಾಂ ಕರೆಂಟ್ ಬಿಲ್ಲು 1,450 ಎಂದಿಟ್ಟುಕೊಳ್ಳಿ. ವಾಪಸ್ ಬರಬೇಕಾದದ್ದು 92,550. ಆಮೇಲೆ ಮನೆ ಮೂರು ತಿಂಗಳು ಖಾಲಿ ಬಿದ್ದರೂ ಅದು ಮಾಲೀಕರ ತಲೆಬಿಸಿ. ಯಾಕೆಂದರೆ ನೋಟಿಸ್ ಕೊಟ್ಟು ಹೋಗಬಹುದು ಎಂದು ಒಪ್ಪಿದವರು ಅವರೇ.

ಲಾಕ್-ಇನ್ ಇದ್ದರೆ ಮಾಲೀಕರು ಹೇಳುವ ಲೆಕ್ಕ: ಉಳಿದದ್ದು ಆರು ತಿಂಗಳು, 1,08,000. ಅಡ್ವಾನ್ಸ್ ಹೋಯಿತು, ಮೇಲಿಂದ 8,000 ನೀವೇ ಕೊಡಿ. ಈಗ ನಿಜದ ಲೆಕ್ಕ ಹಾಕಿ. ಡಿಸೆಂಬರ್ 16ಕ್ಕೆ ಹೊಸ ಪಾರ್ಟಿ ಬಂತು, ಬಾಡಿಗೆ 17,000ಕ್ಕೆ ಇಳಿಯಿತು. ಖಾಲಿ ಇದ್ದ ಒಂದೂವರೆ ತಿಂಗಳಿಗೆ 27,000. ಆಮೇಲಿನ ನಾಲ್ಕೂವರೆ ತಿಂಗಳಿಗೆ ತಿಂಗಳಿಗೆ ಸಾವಿರದಂತೆ ಕಡಿಮೆ ಬಿದ್ದದ್ದು 4,500. ಒಟ್ಟು 31,500. ಬ್ರೋಕರ್ ಕಮಿಷನ್ ಕೊಟ್ಟಿದ್ದರೆ ಅದರಲ್ಲಿ ಒಂದು ಪಾಲನ್ನು ಸೇರಿಸಿ ಕೇಳುವುದರಲ್ಲಿ ನ್ಯಾಯ ಇದೆ. ಹಾಗಾದರೂ 1,08,000ದ ಹತ್ತಿರಕ್ಕೂ ಬರುವುದಿಲ್ಲ. ಇಲ್ಲಿ ಬಾಡಿಗೆದಾರರಿಗೂ ಒಂದು ಪಾಠ ಇದೆ. 31,500 ಅವರು ಕೊಡಲೇಬೇಕಾದ ದುಡ್ಡು. 'ಕೊನೆಯ ಎರಡು ತಿಂಗಳ ಬಾಡಿಗೆ ಅಡ್ವಾನ್ಸಲ್ಲೇ ಹಿಡ್ಕೊಳ್ಳಿ ಮಾರಾಯ್ರೆ' ಎಂದು ಬಾಡಿಗೆ ನಿಲ್ಲಿಸಿಬಿಟ್ಟರೆ, ರಿಪೇರಿಗೂ ಬಿಲ್ಲಿಗೂ ಮಾಲೀಕರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅಡ್ವಾನ್ಸ್ ಇರುವುದು ಬಾಡಿಗೆ ಕಟ್ಟಲಿಕ್ಕಲ್ಲ.

ಈ ಇಡೀ ಲೆಕ್ಕ ನಿಂತಿರುವುದು ಎರಡು ತಾರೀಕಿನ ಮೇಲೆ: ಕೀ ಕೈ ಬದಲಾದದ್ದು ಯಾವಾಗ, ಹೊಸಬರು ಬಂದದ್ದು ಯಾವಾಗ. ಮೊದಲನೆಯದನ್ನು ಎರಡೂ ಕಡೆಯವರು ಬರೆದಿಡುವುದೇ ಇಲ್ಲ. ವಾಚ್‌ಮನ್ ಕೈಯಲ್ಲಿ ಕೀ ಕೊಟ್ಟು ಹೋಗುತ್ತಾರೆ. ಮಾಲೀಕರು ಏನೂ ಬರೆಯದೆ ಕೀ ತೆಗೆದುಕೊಂಡು ಬೇರೆಯವರನ್ನು ಕೂರಿಸಿದರೆ, ಬಾಡಿಗೆ ಅಂದಿಗೇ ಮುಗಿಯಿತು ಎಂದು ಅವರು ಒಪ್ಪಿದಂತೆ ಆಗಬಹುದು. ಸ್ವತ್ತು ವರ್ಗಾವಣೆ ಕಾಯ್ದೆಯ 111ನೇ ಕಲಮು ಇಂಥ ಮಾತಿಲ್ಲದ ಒಪ್ಪಿಗೆಯನ್ನೂ ಒಪ್ಪಿಗೆ ಎಂದೇ ನೋಡುತ್ತದೆ. ಹಾಗಾಗಿ 'ಕೀ ಪಡೆದಿದ್ದೇನೆ, ನಷ್ಟದ ಲೆಕ್ಕ ಬಾಕಿ ಇದೆ' ಎಂಬ ಎರಡು ಸಾಲಿನ ಕಾಗದ ಮಾಲೀಕರಿಗೆ ಬೇಕು. 'ಇಂಥ ದಿನ ಕೀ ಒಪ್ಪಿಸಿದ್ದೇನೆ' ಎಂಬ ಸಹಿ ಬಾಡಿಗೆದಾರರಿಗೆ ಬೇಕು. ಒಂದೇ ಕಾಗದದಲ್ಲಿ ಎರಡೂ ಆಗುತ್ತದೆ.

ಮಣಿಪಾಲದಲ್ಲಿ ತಿಂಗಳೇ ಎಲ್ಲ

ಒಂದೇ ಕಾನೂನು, ಒಂದೇ ಅಗ್ರಿಮೆಂಟ್. ಆದರೂ ಮಣಿಪಾಲದಲ್ಲಿ ನಷ್ಟದ ಗಾತ್ರ ಬದಲಾಗುತ್ತದೆ. ಈಶ್ವರ ನಗರ, ವಿದ್ಯಾರತ್ನ ನಗರ ಕಡೆಯ ಫ್ಲ್ಯಾಟುಗಳು ನಡೆಯುವುದು ಕಾಲೇಜಿನ ಕ್ಯಾಲೆಂಡರ್ ಹಿಡಿದು. ಮಳೆಗಾಲದಲ್ಲಿ ಹೊಸ ಬ್ಯಾಚ್ ಬರುವಾಗ ಮನೆಗಳು ತುಂಬುತ್ತವೆ. ಜೂನ್‌ನಲ್ಲಿ ಬಿಟ್ಟ ಮನೆಗೆ ವಾರದೊಳಗೆ ಜನ ಸಿಗಬಹುದು. ಅದೇ ನವೆಂಬರ್‌ನಲ್ಲಿ ಬಿಟ್ಟರೆ ಮುಂದಿನ ಬ್ಯಾಚ್ ಬರುವ ತನಕ ಕಾಯುವ ಸ್ಥಿತಿ ಬರಬಹುದು. ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳ ಸುತ್ತ, ಸುರತ್ಕಲ್‌ನ ಎನ್‌ಐಟಿಕೆ ಸುತ್ತ ಕೂಡ ಹೆಚ್ಚುಕಡಿಮೆ ಇದೇ ಕಥೆ.

ಹಾಗಾಗಿ ಮಣಿಪಾಲದ ಮಾಲೀಕರು ಲಾಕ್-ಇನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುವುದಕ್ಕೆ ಕಾರಣ ಇಲ್ಲದಿಲ್ಲ. ನಾಲ್ಕು ತಿಂಗಳು ಪ್ರಯತ್ನಪಟ್ಟರೂ ಜನ ಸಿಗಲಿಲ್ಲ ಎಂದು ತೋರಿಸಿದರೆ ನಾಲ್ಕು ತಿಂಗಳ ನಷ್ಟ ಕೇಳಬಹುದು. ತೋರಿಸಬೇಕು ಎಂಬುದು ಮುಖ್ಯ. ಜಾಹೀರಾತು ಹಾಕಿದ್ದೀರಾ, ಬ್ರೋಕರ್‌ಗೆ ಹೇಳಿದ್ದೀರಾ, ಬಂದವರನ್ನು ಯಾಕೆ ಬೇಡ ಎಂದಿರಿ? ಗಲ್ಫಿನಲ್ಲಿ ಕೂತು ಕೀಯನ್ನು ಅಕ್ಕನ ಮನೆಯಲ್ಲಿ ಇಟ್ಟು, ಯಾರಿಗೂ ತೋರಿಸದೆ ಆರು ತಿಂಗಳ ಬಾಡಿಗೆ ಕೇಳಿದರೆ ನಿಲ್ಲುವುದು ಕಷ್ಟ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಹುಡುಕುವ ದಾರಿ, ಜೂನಿಯರ್ ಒಬ್ಬರನ್ನು ತಂದು ಕೂರಿಸುವುದು. ನಷ್ಟ ತಪ್ಪಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಸೂಕ್ತ ಬಾಡಿಗೆದಾರರನ್ನು ತಂದು ನಿಲ್ಲಿಸಿದರೂ ಮಾಲೀಕರು ಕಾರಣ ಇಲ್ಲದೆ ಬೇಡ ಎಂದರೆ, ಆಮೇಲಿನ ಖಾಲಿ ತಿಂಗಳುಗಳ ಹೊಣೆ ಹಳೆಯವರ ಮೇಲೆ ಹೊರಿಸುವುದು ಸುಲಭ ಅಲ್ಲ. ಆದರೆ ಕೀಯನ್ನು ನೇರವಾಗಿ ಜೂನಿಯರ್ ಕೈಗೆ ಕೊಟ್ಟು ಊರಿಗೆ ಹೋಗಬಾರದು. ಬಹುತೇಕ ಅಗ್ರಿಮೆಂಟುಗಳು ಒಳಬಾಡಿಗೆಗೆ ಅವಕಾಶ ಕೊಡುವುದಿಲ್ಲ. ಕಾಗದದಲ್ಲಿ ನಿಮ್ಮ ಹೆಸರೇ ಇರುವ ತನಕ ಜೂನಿಯರ್ ಮುರಿದ ಕಿಟಕಿಗೂ ನೀವೇ ಹೊಣೆ.

ಒಂದೇ ಫ್ಲ್ಯಾಟ್ ಹಂಚಿಕೊಂಡ ನಾಲ್ವರಲ್ಲಿ ಒಬ್ಬ ಹೊರಟಾಗ ಇನ್ನೊಂದು ಬಗೆಯ ಜಗಳ. ನಾಲ್ವರೂ ಸಹಿ ಹಾಕಿದ್ದರೆ ಕರಾರು ಕಾಯ್ದೆಯ 43ನೇ ಕಲಮಿನ ಪ್ರಕಾರ ಪೂರ್ತಿ ಬಾಡಿಗೆಯನ್ನು ಯಾರೊಬ್ಬರಿಂದಲೂ ಕೇಳಬಹುದು. ಹೋದವನ ಪಾಲನ್ನು ಅವನಿಂದ ವಸೂಲು ಮಾಡುವುದು ಉಳಿದ ಮೂವರ ಕೆಲಸ, ಮಾಲೀಕರದ್ದಲ್ಲ. ಒಬ್ಬನೇ ಸಹಿ ಹಾಕಿ ಉಳಿದವರು ಅವನಿಗೆ ದುಡ್ಡು ಕೊಡುತ್ತಿದ್ದರೆ, ಸಹಿ ಹಾಕಿದವನ ತಲೆಗೇ ಎಲ್ಲ. ತಂದೆಯೋ ತಾಯಿಯೋ ಜಾಮೀನಾಗಿ ಸಹಿ ಹಾಕಿದ್ದರೆ ಅವರ ಹೊಣೆ ಮಗನಷ್ಟೇ ದೊಡ್ಡದು. ಅಂದ ಹಾಗೆ, 18 ತುಂಬದ ವಿದ್ಯಾರ್ಥಿಯ ಸಹಿ ಪಡೆದು ಲಾಕ್-ಇನ್ ಇದೆ ಎಂದು ನೆಮ್ಮದಿಯಾಗಿರುವ ಮಾಲೀಕರೂ ಇದ್ದಾರೆ. ಅಪ್ರಾಪ್ತರ ಕರಾರಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ.

ಪಿಜಿಗಳ ವಿಷಯ ಬೇರೆ. ಅಲ್ಲಿ ಕೋಣೆ ನಿಮ್ಮ ಸ್ವಾಧೀನಕ್ಕೆ ಬರುವುದಿಲ್ಲ, ಇರಲು ಅನುಮತಿ ಮಾತ್ರ ಸಿಗುತ್ತದೆ. ಊಟ, ವಸತಿ ಎರಡೂ ಸೇರಿದ ಸೇವೆ ಅದು. ಹಾಗಾಗಿ ಡಿಪಾಸಿಟ್ ಕೊಡದೆ ಸತಾಯಿಸಿದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ದಾರಿಯೂ ಇದೆ.

ಬ್ಯಾಂಕಿನವರ ವರ್ಗಾವಣೆ

ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ನಾಟಕ ಬ್ಯಾಂಕುಗಳು ಹುಟ್ಟಿದ ನೆಲ ಇದು. ಅವುಗಳಲ್ಲಿ ಮೂರು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳ ಜತೆ ಸೇರಿಹೋದವು. ವರ್ಗಾವಣೆಯಾಗಿ ಬರುವ ಹೋಗುವ ಅಧಿಕಾರಿಗಳು ಮಾತ್ರ ಈಗಲೂ ಊರಿನ ಖಾಯಂ ಬಾಡಿಗೆದಾರರು. ಇಲ್ಲಿ ನೋಡಬೇಕಾದದ್ದು ಅಗ್ರಿಮೆಂಟ್ ಯಾರ ಹೆಸರಲ್ಲಿದೆ ಎಂದು. ಬ್ಯಾಂಕಿನ ಅಥವಾ ಕಂಪನಿಯ ಹೆಸರಲ್ಲಿದ್ದರೆ ಬಾಡಿಗೆದಾರರು ಬ್ಯಾಂಕೇ. ಅಧಿಕಾರಿ ಹೋದರೂ ನೋಟಿಸ್ ಬ್ಯಾಂಕಿನಿಂದ ಬರಬೇಕು, ಬಾಕಿಯೂ ಬ್ಯಾಂಕಿನದ್ದೇ. ಅಧಿಕಾರಿಯ ಸ್ವಂತ ಹೆಸರಲ್ಲಿದ್ದರೆ, ವರ್ಗಾವಣೆ ಆದೇಶ ತೋರಿಸಿದರೆ ಲಾಕ್-ಇನ್ ಅನ್ವಯಿಸುವುದಿಲ್ಲ ಎಂಬ ಒಂದು ಸಾಲನ್ನು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಬರೆಸದಿದ್ದರೆ ವರ್ಗಾವಣೆ ವೈಯಕ್ತಿಕ ಕಾರಣ ಅಷ್ಟೇ.

ಗೋಡೆಯ ಬೂಷ್ಟಿಗೆ ಯಾರು ಹೊಣೆ?

ಲೆಕ್ಕ ಚುಕ್ತಾ ಮಾಡುವಾಗ ಅಡ್ವಾನ್ಸಿನಿಂದ ದೊಡ್ಡ ತುತ್ತು ಹೋಗುವುದು ಪೈಂಟಿಂಗ್ ಹೆಸರಲ್ಲಿ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಬೀಳುವ ಊರಿನಲ್ಲಿ ಜುಲೈ ಹೊತ್ತಿಗೆ ಬೀರುವಿನ ಹಿಂದೆ ಬೂಷ್ಟು ಹಿಡಿಯುವುದು ಸಹಜ. ಪಶ್ಚಿಮದ ಗೋಡೆ ನೀರು ಕುಡಿದು ಪೈಂಟ್ ಉಬ್ಬುತ್ತದೆ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು ಎನ್ನುವ 108ನೇ ಕಲಮು, ಸಾಮಾನ್ಯ ಬಳಕೆಯ ಸವೆತಕ್ಕೆ ವಿನಾಯಿತಿಯನ್ನೂ ಕೊಡುತ್ತದೆ. ತೇವದ ಕಲೆ ಆ ವಿನಾಯಿತಿಯೊಳಗೆ ಬರುತ್ತದೆ. ಗೋಡೆಗೆ ಹೊಡೆದ ಮೊಳೆ, ಒಡೆದ ಟೈಲ್ಸ್, ಸುಟ್ಟ ಅಡುಗೆ ಕಟ್ಟೆ ಬರುವುದಿಲ್ಲ. ಅಗ್ರಿಮೆಂಟಿನಲ್ಲಿ 'ಖಾಲಿ ಮಾಡುವಾಗ ಪೈಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ' ಎಂದು ಬರೆದು ಇಬ್ಬರೂ ಸಹಿ ಹಾಕಿದ್ದರೆ ವಾದಕ್ಕೆ ಜಾಗ ಕಡಿಮೆ. ಸಹಿ ಹಾಕುವ ಮೊದಲು ಆ ಸಾಲು ಕಣ್ಣಿಗೆ ಬೀಳಬೇಕು ಅಷ್ಟೇ.

ಸೋರುತ್ತಿದೆ ಎಂಬ ಕಾರಣಕ್ಕೆ ಮನೆ ಬಿಡಬಹುದಾ? ಬೆಂಕಿ, ಬಿರುಗಾಳಿ, ನೆರೆಯಂಥದ್ದರಿಂದ ಮನೆಯ ಮುಖ್ಯ ಭಾಗ ಶಾಶ್ವತವಾಗಿ ವಾಸಕ್ಕೆ ಆಗದಂತಾದರೆ ಬಾಡಿಗೆದಾರರು ಕರಾರನ್ನು ಅಲ್ಲಿಗೇ ಮುಗಿಸಬಹುದು. ಹಂಚಿನ ಮಾಡು ಎರಡು ಕಡೆ ಹನಿಯುವುದು ಆ ಮಟ್ಟಕ್ಕೆ ಏರುವುದಿಲ್ಲ. ರಿಪೇರಿ ಮಾಲೀಕರ ಹೊಣೆಯಾಗಿದ್ದರೆ ಮೊದಲು ನೋಟಿಸ್ ಕೊಡಬೇಕು. ಸಾಕಷ್ಟು ಸಮಯ ಕೊಟ್ಟರೂ ಮಾಡದಿದ್ದರೆ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಿಂದ ಕಳೆಯಬಹುದು. ಫೋಟೋ, ಮೆಸೇಜು, ಬಿಲ್ಲು ಇಟ್ಟುಕೊಂಡವರಿಗೆ ಮುಂದೆ ಲೆಕ್ಕ ಮಾತಾಡುವಾಗ ಇವು ಕೆಲಸಕ್ಕೆ ಬರುತ್ತವೆ.

ಹೇಳದೆ ಹೋದವರ ಬೀಗ

ಬಾಗಿಲಿಗೆ ಬೀಗ, ಫೋನ್ ಸ್ವಿಚ್ ಆಫ್, ಒಳಗೆ ಹಾಸಿಗೆ, ಫ್ರಿಜ್, ನಾಲ್ಕು ಪಾತ್ರೆ. ಮಾಲೀಕರಿಗೆ ಇದಕ್ಕಿಂತ ಕಿರಿಕಿರಿ ಇಲ್ಲ. ಕೈ ಬಿಸಿ ಇರುವಾಗ ಬೀಗ ಒಡೆದರೆ ಮುಂದೆ 'ಒಳಗೆ ಚಿನ್ನ ಇತ್ತು' ಎಂಬ ದೂರು ಬರಬಹುದು. ಖಾಯಂ ವಿಳಾಸಕ್ಕೆ ಅಂಚೆಯಲ್ಲಿ ಸ್ವೀಕೃತಿ ಸಮೇತ ನೋಟಿಸ್ ಕಳಿಸಿ, ಅದರ ಪ್ರತಿಯನ್ನು ಮನೆಯ ಬಾಗಿಲಿಗೂ ಅಂಟಿಸಬೇಕು. ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಸಾಮಾನು ಹೆಚ್ಚು ಬೆಲೆಯದ್ದಾದರೆ ಅಥವಾ ಆ ಕಡೆಯವರು ವಾಪಸ್ ಬರುವ ಸೂಚನೆ ಇದ್ದರೆ ಕೋರ್ಟಿನ ಆದೇಶ ಪಡೆಯುವುದೇ ಸುರಕ್ಷಿತ. ಮನೆ ಬಿಟ್ಟು ಹೋದದ್ದು ಸ್ಪಷ್ಟವಿದ್ದರೆ, ಅಸೋಸಿಯೇಶನ್‌ನ ಇಬ್ಬರು ಸಾಕ್ಷಿಗಳ ಎದುರು, ವಿಡಿಯೊ ಮಾಡುತ್ತಾ, ಪಟ್ಟಿ ಬರೆದು ತೆರೆಯಬೇಕು. ಸಾಮಾನು ಎತ್ತಿಡಬಹುದು, ಬಾಡಿಗೆ ಬಾಕಿಗೆಂದು ತಾನೇ ಮಾರಿಬಿಡಬಾರದು.

ವಾಟ್ಸ್ಯಾಪ್ ಮೆಸೇಜು ನೋಟಿಸ್ ಆಗುತ್ತದಾ ಎಂದು ಕೇಳುವವರು ತುಂಬ ಜನ. ಸಾಕ್ಷ್ಯವಾಗಿ ಅದು ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜತೆಗೆ ಬೇಕು. ಆದರೆ ಬಾಡಿಗೆ ಮುಗಿಸುವ ನೋಟಿಸ್ ಬರವಣಿಗೆಯಲ್ಲಿ, ಸಹಿ ಹಾಕಿ, ಅಂಚೆಯಲ್ಲೋ ಕೈಯಲ್ಲೋ ತಲುಪಬೇಕು ಎಂದು 106ನೇ ಕಲಮು ಹೇಳುವುದರಿಂದ, ಮೆಸೇಜಿನ ಜತೆ ಒಂದು ಕಾಗದವೂ ಹೋಗಲಿ.

ಲೀಸ್ ಮನೆಯ ಅಪಾಯ

ತಿಂಗಳ ಬಾಡಿಗೆ ಇಲ್ಲದೆ ಐದೋ ಎಂಟೋ ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಕೂರುವ ವ್ಯವಸ್ಥೆಯಲ್ಲಿ ಮಧ್ಯದಲ್ಲಿ ಬಿಡುವುದು ಬಾಡಿಗೆದಾರರಿಗೇ ಅಪಾಯ. ಮಾಲೀಕರು ಆ ದುಡ್ಡನ್ನು ಸಾಲಕ್ಕೋ ಮದುವೆಗೋ ಹಾಕಿ ಮುಗಿಸಿರುತ್ತಾರೆ. ಹೊಸ ಲೀಸ್ ಪಾರ್ಟಿ ಸಿಕ್ಕಿದ ಮೇಲೆ ಕೊಡುತ್ತೇನೆ ಎಂಬುದು ಮಾಮೂಲು ಉತ್ತರ. ದುಡ್ಡು ಕೈಗೆ ಬರುವ ಮೊದಲು ಕೀ ಕೊಟ್ಟರೆ ಹಿಡಿತ ತಪ್ಪುತ್ತದೆ. ದುಡ್ಡು ಮತ್ತು ಕೀ ಒಂದೇ ದಿನ ಕೈ ಬದಲಾಗಬೇಕು. ಒಂದು ವರ್ಷ ಮೀರಿದ ಇಂಥ ಕರಾರು ರಿಜಿಸ್ಟರ್ ಆಗಿರುವುದು ಇಲ್ಲಿ ಇನ್ನೂ ಮುಖ್ಯ.

ಮಿತಿ ಬಂದರೆ ಏನಾದೀತು?

ಕರ್ನಾಟಕ ನಾಳೆ ಎರಡು ತಿಂಗಳ ಮಿತಿ ತಂದರೆ ಅಡ್ವಾನ್ಸ್ ಜಗಳ ಸಣ್ಣದಾಗುತ್ತದೆ. ಮಾಲೀಕರ ಕೈಯಲ್ಲಿ ಇರುವ ದುಡ್ಡೇ ಕಡಿಮೆ, ನುಂಗಲು ಏನಿದೆ? ಆದರೆ ಅಪಾಯ ಬೇರೆ ರೂಪ ತಾಳುತ್ತದೆ. ಮಣಿಪಾಲದಂಥ ಕಡೆ ಮಾಲೀಕರು ಇಡೀ ಶೈಕ್ಷಣಿಕ ವರ್ಷದ ಬಾಡಿಗೆ ಮುಂಚಿತವಾಗಿ ಕೇಳಬಹುದು, ತಂದೆ ತಾಯಿಯ ಜಾಮೀನು ಕಡ್ಡಾಯ ಮಾಡಬಹುದು, ಬಾಡಿಗೆಯನ್ನೇ ಏರಿಸಬಹುದು. ಮಿತಿಯಿಂದ ಹೆಚ್ಚು ಲಾಭ ಸಿಗುವುದು ಕುಟುಂಬಗಳಿಗೆ. ಮಾದರಿ ಕಾಯ್ದೆಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಭಾಗ ಇರುವುದು ಬೇರೆ ಕಡೆ ಎಂದು ತೋರುತ್ತದೆ: ಬಾಡಿಗೆ ಜಗಳಗಳಿಗೇ ಪ್ರತ್ಯೇಕ ಪ್ರಾಧಿಕಾರ, ಮತ್ತು ಮನೆ ಒಪ್ಪಿಸುವಾಗಲೇ ಕಡಿತ ಕಳೆದು ಡಿಪಾಸಿಟ್ ವಾಪಸ್ ಕೊಡಬೇಕೆಂಬ ನಿಯಮ.

ಸದ್ಯಕ್ಕೆ ಅಂಥ ಪ್ರಾಧಿಕಾರ ಇಲ್ಲಿಲ್ಲ. ಪೊಲೀಸರು ಅಡ್ವಾನ್ಸ್ ವಸೂಲು ಮಾಡಿಕೊಡುವುದಿಲ್ಲ, ಇದು ಸಿವಿಲ್ ವಿಷಯ. 60,000 ರೂಪಾಯಿಗೆ ಸಿವಿಲ್ ದಾವೆ ಹೂಡಿದರೆ ವಕೀಲರ ಫೀಸು, ವಾಯಿದೆ ಎಂದು ಅದರಲ್ಲಿ ಎಷ್ಟು ಉಳಿದೀತು? ಅದಕ್ಕೇ ಬಹಳಷ್ಟು ಜನ ಸಿಕ್ಕಷ್ಟು ಹಿಡಿದುಕೊಂಡು ಸುಮ್ಮನಾಗುತ್ತಾರೆ. ಅದರ ಮಧ್ಯದ ದಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಮಂಗಳೂರಿನಲ್ಲೂ ಉಡುಪಿಯಲ್ಲೂ ಇದೆ. ದಾವೆ ಹೂಡುವ ಮೊದಲೇ ಅಲ್ಲಿ ಅರ್ಜಿ ಕೊಡಬಹುದು, ಇನ್ನೊಂದು ಕಡೆಯವರನ್ನು ಕರೆಸಿ ಮಾತಾಡಿಸುತ್ತಾರೆ. ಇಬ್ಬರೂ ಒಪ್ಪಿ ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ, ಮೇಲ್ಮನವಿ ಇಲ್ಲ. ಮಾತುಕತೆ ನಡೆಯುತ್ತಿದೆ ಎಂದು ವರ್ಷಗಟ್ಟಲೆ ತಳ್ಳಬಾರದು. ಬಾಡಿಗೆ ಬಾಕಿ ಕೇಳುವವರಿಗೂ ಅಡ್ವಾನ್ಸ್ ವಾಪಸ್ ಕೇಳುವವರಿಗೂ ಕಾಲಮಿತಿ 3 ವರ್ಷ.